ರಿಪೋರ್ಟ್‌ನಲ್ಲಿ ಇದ್ದಿದ್ದು 'ಪಾಸಿಟಿವ್', ಮನೆಯವರು ಓದಿಕೊಂಡಿದ್ದು 'ಮೈಲಿಗೆ'

ಪೋಸ್ಟ್ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಗಂಡಸರೂ ಓದಿ. ಇದು ಹೆಂಗಸರ ವಿಷಯ ಅಂತ ಸ್ಕ್ರೋಲ್ ಮಾಡ್ಕೊಂಡು ಹೋಗಬೇಡಿ.

ನಮ್ಮ ಅಕ್ಕನ ಮಗಳು ಯಲಹಂಕದಲ್ಲಿ ಇರೋದು. ಗಾರ್ಮೆಂಟ್ಸ್ ಕೆಲಸ, ಮೊದಲನೇ ಬಸಿರು. ಅವಳನ್ನ ಕೇಳಿ, "ಬರಿ ಚಿಕ್ಕಮ್ಮ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂತ ಅವಳು ಒಪ್ಪಿದ ಮೇಲೇ ಇದನ್ನ ಬರೀತಿದ್ದೀನಿ. ಆಸ್ಪತ್ರೆಗಳ ಹೆಸರನ್ನೂ ಹಾಕಿಲ್ಲ. ಒಂದು ಆಸ್ಪತ್ರೆಯ ಕಥೆ ಆಗಿದ್ದರೆ ಹಾಕ್ತಿದ್ದೆ. ಇದು ಎಲ್ಲಾ ಕಡೆಯ ಕಥೆ.

36 ವಾರ ತುಂಬಿದಾಗ ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಚೆಕಪ್‌ಗೆ ಹೋಗಿದ್ದಳು. ಹತ್ತಿಕಡ್ಡಿಯಲ್ಲಿ ಒಂದು ಸ್ಯಾಂಪಲ್ ತಗೊಂಡರು. ಯಾಕೆ ಅಂತ ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂರು ದಿನ ಬಿಟ್ಟು ಮೊಬೈಲಿಗೆ ರಿಪೋರ್ಟ್ ಬಂತು. ಪೂರ್ತಿ ಇಂಗ್ಲಿಷ್. ಅದರಲ್ಲಿ ಅವಳಿಗೆ ಅರ್ಥ ಆದ ಪದ ಒಂದೇ: ಪಾಸಿಟಿವ್. ಕೋವಿಡ್ ಆದ ಮೇಲೆ ಆ ಪದ ಕೇಳಿದರೆ ನಮ್ಮ ಜನಕ್ಕೆ ಎದೆ ಧಸಕ್ ಅನ್ನುತ್ತೆ. ಕೌಂಟರಿಗೆ ಹೋಗಿ ಕೇಳಿದಾಗ ಬಂದ ಉತ್ತರ, "ಇನ್ಫೆಕ್ಷನ್ ಇದೆ ಕಣಮ್ಮ, ಸ್ವಲ್ಪ ಕ್ಲೀನಾಗಿ ಇರ್ಬೇಕು."

ಅಷ್ಟೇ. ಆ ಒಂದು ಮಾತನ್ನ ಹೊತ್ಕೊಂಡು ಹುಡುಗಿ ಮನೆಗೆ ಬಂದಳು.

ಅತ್ತೆ ಕೇಳಿದ್ದು, "ಎಲ್ಲಿಂದ ಅಂಟಿಸ್ಕೊಂಡು ಬಂದೆ?" ಗಂಡ ಏನೂ ಕೇಳಲಿಲ್ಲ, ಚಾಪೆ ತಗೊಂಡು ಹಾಲ್‌ಗೆ ಹೋಗಿ ಮಲಗಿದ. ಇವಳು ದಿನಕ್ಕೆ ಮೂರು ಸಲ ಸ್ನಾನ ಮಾಡೋಕೆ ಶುರು ಮಾಡಿದಳು. ಯಾರೋ ಬೆಳ್ಳುಳ್ಳಿ ಹೇಳಿದರು, ಯಾರೋ ಔಷಧಿ ಹಾಕಿದ ನೀರಲ್ಲಿ ತೊಳ್ಕೊ ಅಂದರು. ನಾಲ್ಕನೇ ದಿನ ರಾತ್ರಿ ಹನ್ನೊಂದಕ್ಕೆ ನನಗೆ ಫೋನು. "ಚಿಕ್ಕಮ್ಮ, ನನ್ನಿಂದ ಮಗೂಗೆ ಏನಾದ್ರೂ ಆಗುತ್ತಾ? ನಾನೇನ್ ತಪ್ಪು ಮಾಡ್ದೆ?"

ನಾನು ಡಾಕ್ಟರ್ ಅಲ್ಲ. ಬಿ.ಎ. ಓದಿ ಆಫೀಸಲ್ಲಿ ಫೈಲ್ ನೋಡೋ ಗುಮಾಸ್ತೆ. ಫೈಲ್ ನೋಡಿ ಕಲಿತದ್ದು ಒಂದೇ, ಕಾಗದ ಅರ್ಥ ಆಗದಿದ್ದರೆ ಬರೆದವರನ್ನೇ ಕೇಳಬೇಕು. ಮಾರನೇ ದಿನ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಹೋಗಿ ಡಾಕ್ಟರ್ ಮುಂದೆ ಕೂತೆ. ಅವರು ಕೆಟ್ಟವರಲ್ಲ, ಒಳ್ಳೆ ಕನ್ನಡದಲ್ಲಿ ಐದು ನಿಮಿಷ ಹೇಳಿದರು. ಆ ಐದು ನಿಮಿಷ ರಿಪೋರ್ಟ್ ಬಂದ ದಿನವೇ ಸಿಕ್ಕಿದ್ದರೆ ನಮ್ಮ ಹುಡುಗಿ ನಾಲ್ಕು ರಾತ್ರಿ ಅಳ್ತಿರಲಿಲ್ಲ. ಆಮೇಲೆ ನಾನೂ ಒಂದಷ್ಟು ಓದಿ ತಿಳ್ಕೊಂಡೆ. ನಿಮಗೂ ಹೇಳ್ತೀನಿ.

ಈ ಬ್ಯಾಕ್ಟೀರಿಯಾ ಹೆಸರು ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್, ಚಿಕ್ಕದಾಗಿ ಜಿಬಿಎಸ್. ಮನುಷ್ಯರ ಕರುಳಲ್ಲಿ, ಹೆಂಗಸರ ಜನನಾಂಗದ ದಾರಿಯಲ್ಲಿ ಸುಮ್ಮನೆ ಇರುತ್ತೆ. ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಇಡೀ ಪ್ರಪಂಚದ ಲೆಕ್ಕ ನೋಡಿದರೆ ಹೆಚ್ಚುಕಮ್ಮಿ ಐದು ಗರ್ಭಿಣಿಯರಲ್ಲಿ ಒಬ್ಬರಿಗೆ ಇರುತ್ತೆ, ನಮ್ಮ ಕಡೆ ಅದಕ್ಕಿಂತ ಸ್ವಲ್ಪ ಕಡಿಮೆ. ಬಂಗಲೆಯಲ್ಲಿ ಇರೋಳಿಗೂ ಇರುತ್ತೆ, ಶೀಟ್ ಮನೆಯಲ್ಲಿ ಇರೋಳಿಗೂ ಇರುತ್ತೆ. ಇದನ್ನ ಲೈಂಗಿಕ ರೋಗ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಇದಕ್ಕೆ ಅಂತ ಗಂಡನಿಗೆ ಔಷಧಿ ಕೊಡಲ್ಲ. ಸ್ನಾನ ಕಮ್ಮಿ ಆಗಿ ಬರೋದಲ್ಲ, ಜಾಸ್ತಿ ಮಾಡಿದರೆ ಹೋಗೋದೂ ಇಲ್ಲ. ಇನ್ನೊಂದು ಮಾತು. ವಿಜ್ಞಾನಿಗಳಿಗೆ ಇದು ಮೊದಲು ಚೆನ್ನಾಗಿ ಗೊತ್ತಾಗಿದ್ದು ಹಸುಗಳ ಕೆಚ್ಚಲು ಬಾವಿನಿಂದ. ಇದರ ವೈಜ್ಞಾನಿಕ ಹೆಸರಲ್ಲೇ 'ಹಾಲಿಲ್ಲದ' ಅನ್ನೋ ಅರ್ಥ ಇದೆ. ಮಡಿ ಮೈಲಿಗೆ ನೋಡೋರು ಇದನ್ನ ಯಾವ ಲೆಕ್ಕಕ್ಕೆ ಹಾಕ್ತಾರೋ ನೋಡಬೇಕು.

ತಾಯಿಗೆ ಇದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಅಪಾಯ ಹೆರಿಗೆ ಹೊತ್ತಲ್ಲಿ ಮಗುವಿಗೆ. ಏನೂ ಔಷಧಿ ಕೊಡದಿದ್ದರೆ, ಪಾಸಿಟಿವ್ ಇರೋ ನೂರು ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಬ್ಯಾಕ್ಟೀರಿಯಾ ದಾಟುತ್ತೆ, ಒಂದೋ ಎರಡೋ ಮಕ್ಕಳಿಗೆ ಕಾಯಿಲೆ ಆಗುತ್ತೆ. ನೂರಕ್ಕೆ ಒಂದು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಆ ಒಂದು ಮಗುವಿಗೆ ರಕ್ತದ ಸೋಂಕು, ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತ ಆಗಿ ಪ್ರಾಣವೇ ಹೋಗಬಹುದು. ಅದಕ್ಕೆ ಇದು ಹಗುರ ವಿಷಯ ಅಲ್ಲ.

ಪರಿಹಾರ ಏನು? ಪೆನ್ಸಿಲಿನ್. ಅದೂ ಹಳೇ ಔಷಧಿ, ಹೊಸದೇನಲ್ಲ. ಈಗಲೇ ಮಾತ್ರೆ ನುಂಗಿದರೆ ಪ್ರಯೋಜನ ಇಲ್ಲ, ಹೆರಿಗೆ ಹೊತ್ತಿಗೆ ಬ್ಯಾಕ್ಟೀರಿಯಾ ವಾಪಸ್ ಬಂದಿರುತ್ತೆ. ನೋವು ಶುರುವಾದಾಗ ಅಥವಾ ನೀರು ಒಡೆದಾಗ ರಕ್ತನಾಳಕ್ಕೆ ಕೊಡಬೇಕು, ಹೆರಿಗೆ ಆಗೋವರೆಗೂ ನಾಲ್ಕು ಗಂಟೆಗೊಮ್ಮೆ ಕೊಡ್ತಾ ಇರಬೇಕು. ಮಗು ಹುಟ್ಟೋಕೆ ಕಡೇಪಕ್ಷ ನಾಲ್ಕು ಗಂಟೆ ಮುಂಚೆ ಮೊದಲ ಡೋಸ್ ಹೋಗಿದ್ದರೆ ಒಳ್ಳೆಯದು. ಪೆನ್ಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು, ಬೇರೆ ಔಷಧಿ ಇದೆ. ನೋವು ಬರೋ ಮುಂಚೆ, ನೀರು ಒಡೆಯೋ ಮುಂಚೆ ಸಿಸೇರಿಯನ್ ಆದರೆ ಜಿಬಿಎಸ್‌ಗೆ ಅಂತ ಈ ಡೋಸ್ ಬೇಕಾಗಲ್ಲ. ಎದೆಹಾಲು ಧಾರಾಳವಾಗಿ ಕೊಡಬಹುದು.

ಈಗ ಯೋಚನೆ ಮಾಡಿ. ಮಗುವನ್ನ ಉಳಿಸೋದು ತಾಯಿಯ 'ಕ್ಲೀನು' ಅಲ್ಲ, ಆ ನಾಲ್ಕು ಗಂಟೆ. ಆ ನಾಲ್ಕು ಗಂಟೆ ಯಾರ ಕೈಯಲ್ಲಿದೆ? ಆಟೋದವನ ಕೈಲಿ, 108ರ ಕೈಲಿ, ಗೇಟಲ್ಲಿ ನಿಂತವರ ಕೈಲಿ, ಲೇಬರ್ ವಾರ್ಡಿನ ಸ್ಟಾಕ್ ರಿಜಿಸ್ಟರ್ ಕೈಲಿ. ಇಷ್ಟೆಲ್ಲಾ ಜನರ ಜವಾಬ್ದಾರಿಯನ್ನ 'ಕ್ಲೀನಾಗಿರಮ್ಮ' ಅನ್ನೋ ಒಂದು ಮಾತಲ್ಲಿ ಆ ಹುಡುಗಿ ತಲೆ ಮೇಲೆ ಹಾಕಿಬಿಟ್ಟರು.

ಅದೇ ಮಾತು ಬೇರೆಯವರಿಗೆ ಬೇರೆ ಥರ ಕೇಳಿಸಬಹುದು. ನಮ್ಮ ಕೇರಿಯ ಹೆಣ್ಣಿಗೆ ಅದು ಹೇಗೆ ಕೇಳಿಸುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಅಜ್ಜಿ ಸೂಲಗಿತ್ತಿ. ಊರಿನ ದೊಡ್ಡ ಮನೆಗಳಲ್ಲೂ ಮಗು ಹಿಡಿದವಳು. ಹೊಕ್ಕುಳಬಳ್ಳಿ ಕತ್ತರಿಸೋಕೆ ಅವಳು ಬೇಕು, ಕೆಲಸ ಮುಗಿದ ಮೇಲೆ ಅವಳು ಕೂತ ಜಾಗಕ್ಕೆ ನೀರು ಹಾಕಿ ತೊಳೀಬೇಕು. ಆ ನೀರಿನ ಶಬ್ದ ಮೂರು ತಲೆಮಾರು ದಾಟಿ ಯಲಹಂಕದ ಬಾತ್‌ರೂಮಲ್ಲಿ ದಿನಕ್ಕೆ ಮೂರು ಸಲ ಕೇಳಿಸ್ತಿತ್ತು. ನಾವೇ ನಮ್ಮ ಹುಡುಗಿಯನ್ನ ತೊಳೀತಿದ್ವಿ. ಅತ್ತೆಯೂ ನಮ್ಮವಳೇ, ಗಂಡನೂ ನಮ್ಮವನೇ. ಇದು ನೋವಿನ ಮಾತು, ಆದರೂ ಹೇಳಲೇಬೇಕು.

ಕೊಳಕು ಅಂತ ಮಾತು ಬಂತಲ್ಲ, ಅದನ್ನೂ ಸರಿಯಾಗಿ ಮಾತಾಡೋಣ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ್ ಒಂದು ವಿಷಯ ಕಂಡುಹಿಡಿದ. ಸೂಲಗಿತ್ತಿಯರು ನೋಡ್ಕೊಳ್ಳೋ ವಾರ್ಡಿಗಿಂತ ಡಾಕ್ಟರುಗಳ ವಾರ್ಡಲ್ಲೇ ಬಾಣಂತಿಯರು ಜಾಸ್ತಿ ಸಾಯ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡ್ತಿದ್ದರು. ಕೈ ತೊಳ್ಕೊಳ್ಳಿ ಅಂದಿದ್ದಕ್ಕೆ ದೊಡ್ಡ ಡಾಕ್ಟರುಗಳಿಗೆ ಕೋಪ ಬಂತು. ಕೊಳಕು ಇದ್ದದ್ದು ಬಡ ಬಾಣಂತಿಯ ಮೈಯಲ್ಲಲ್ಲ, ದೊಡ್ಡವರ ಕೈಯಲ್ಲಿ.

ಅದು ಹಳೇ ಕಥೆ ಅನ್ನಬೇಡಿ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ಸೋಂಕಿನ ಬಗ್ಗೆ 2016ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಅಲ್ಲಿ ಮೇಲುಗೈ ಇದ್ದದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ. ಮೂರೂ ಸೇರಿ ಅರ್ಧಕ್ಕಿಂತ ಜಾಸ್ತಿ. ಅದರಲ್ಲಿ ಮೊದಲಿನ ಎರಡು ಆಸ್ಪತ್ರೆಯ ನಲ್ಲಿ, ಟ್ಯೂಬು, ಕೈಗಳ ಮೂಲಕ ಹರಡೋದಕ್ಕೆ ಹೆಸರುವಾಸಿ. ಅನೇಕ ಔಷಧಿಗಳಿಗೆ ಬಗ್ಗಲ್ಲ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಪ್ರಶ್ನೆ ಎದ್ದದ್ದು ಅವರಿಗೆ ಏರಿಸಿದ ಐವಿ ದ್ರಾವಣದ ಗುಣಮಟ್ಟದ ಮೇಲೆ. ಆ ತಾಯಂದಿರು ಕ್ಲೀನಾಗಿರಲಿಲ್ಲವಾ?

ಆಸ್ಪತ್ರೆಯನ್ನ ಕ್ಲೀನ್ ಮಾಡೋರು ಯಾರು? ನಮ್ಮ ಅಕ್ಕ ತಂಗಿಯರೇ. ಏಜೆನ್ಸಿ ಗುತ್ತಿಗೆ, ಕೈಗೆ ಸರಿಯಾದ ಗ್ಲೌಸ್ ಇಲ್ಲ, ಸಂಬಳ ಯಾವಾಗಲೋ. ಹೆರಿಗೆ ಆದ ಮೇಲೆ ಲೇಬರ್ ಟೇಬಲ್ ರಕ್ತ ಒರೆಸೋಳೂ ಅವಳೇ, 'ಕ್ಲೀನಾಗಿರಮ್ಮ' ಅಂತ ಅನ್ನಿಸ್ಕೊಳ್ಳೋಳೂ ಅವಳೇ.

ಈ ಟೆಸ್ಟ್ ಎಲ್ಲರಿಗೂ ಮಾಡಿಸಬೇಕಾ ಅನ್ನೋದರಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯ ಇದೆ. ಅಮೆರಿಕದಲ್ಲಿ ಎಲ್ಲಾ ಗರ್ಭಿಣಿಯರಿಗೂ ಮಾಡ್ತಾರೆ. 1990ರ ದಶಕದ ಶುರುವಿನಲ್ಲಿ ಅಲ್ಲಿ ಸಾವಿರ ಮಕ್ಕಳಿಗೆ ಸುಮಾರು 1.8 ಇದ್ದ ಈ ಕಾಯಿಲೆ 2015ರ ಹೊತ್ತಿಗೆ 0.23ಕ್ಕೆ ಇಳೀತು. ಬ್ರಿಟನ್ನಿನಲ್ಲಿ ಎಲ್ಲರಿಗೂ ಮಾಡಲ್ಲ, ಅಪಾಯದ ಲಕ್ಷಣ ಇದ್ದೋರಿಗೆ ಔಷಧಿ ಕೊಡ್ತಾರೆ. ನಮ್ಮಲ್ಲಿ ದುಡ್ಡು ಕೊಟ್ಟು ಖಾಸಗಿಗೆ ಹೋದೋಳಿಗೆ ಟೆಸ್ಟ್, ಸರ್ಕಾರಿ ಆಸ್ಪತ್ರೆಗೆ ಹೋಗೋ ಹೆಚ್ಚಿನ ಹೆಂಗಸರಿಗೆ ಟೆಸ್ಟೂ ಇಲ್ಲ, ಅದರ ಹೆಸರೂ ಗೊತ್ತಿಲ್ಲ. ಎಲ್ಲರಿಗೂ ಟೆಸ್ಟ್ ಅಂತ ಕೂಗೋದು ಸುಲಭ. ಆದರೆ ಗೇಟಲ್ಲೇ ವಾಪಸ್ ಕಳಿಸೋ ಆಸ್ಪತ್ರೆಗೆ ಪಾಸಿಟಿವ್ ರಿಪೋರ್ಟ್ ಹಿಡ್ಕೊಂಡು ಹೋಗಿ ಏನು ಪ್ರಯೋಜನ? 2022ರ ನವೆಂಬರಿನಲ್ಲಿ ತುಮಕೂರಲ್ಲಿ ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ಒಬ್ಬ ಬಡ ಗರ್ಭಿಣಿಯನ್ನ ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳಿಸಿದರು ಅನ್ನೋದು ನೆನಪಿದೆ ತಾನೇ? ಮನೆಯಲ್ಲೇ ಹೆರಿಗೆ ಆಗಿ ತಾಯಿ ಮತ್ತು ಅವಳಿ ಮಕ್ಕಳು, ಮೂರೂ ಜೀವ ಹೋಯ್ತು.

ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ಮಾತಾಡಿದರು. ಕಾರ್ಮಿಕ ತಾಯಿಗೆ ಹೆರಿಗೆಗೆ ಮುಂಚೆ, ಆಮೇಲೆ ವಿಶ್ರಾಂತಿ ಸಿಗೋದು ದೇಶದ ಹಿತ ಅಂತ, ಅದರ ಹೊರೆಯಲ್ಲಿ ಮಾಲೀಕನಿಗೂ ಪಾಲಿದೆ ಅಂತ ವಾದ ಮಾಡಿದರು. ಗರ್ಭಿಣಿಯ ದೇಹ ಅವಳ ಖಾಸಗಿ ತಾಪತ್ರಯ ಅಲ್ಲ, ಸಾರ್ವಜನಿಕ ಹೊಣೆ ಅನ್ನೋ ಯೋಚನೆ ಅದು. ನಾವು ಏಪ್ರಿಲ್ 14ಕ್ಕೆ ಫ್ಲೆಕ್ಸ್ ಹಾಕ್ತೀವಿ. ನಮ್ಮ ಸಭೆಗಳಲ್ಲಿ ಲೇಬರ್ ವಾರ್ಡ್ ಬಗ್ಗೆ ಎಷ್ಟು ಸಲ ಮಾತಾಡಿದ್ದೀವಿ, ನೀವೇ ಹೇಳಿ.

ಅದಕ್ಕೆ ನಾನು ಕೇಳೋದು ಇಷ್ಟು:

1. ರಿಪೋರ್ಟ್ ಕೊಡುವಾಗ ಒಬ್ಬ ಮನುಷ್ಯರು ಎದುರು ಕೂತು ಕನ್ನಡದಲ್ಲಿ ಹೇಳಬೇಕು. ಮೊಬೈಲಿಗೆ ಕಳಿಸಿ ಕೈ ತೊಳ್ಕೊಳ್ಳೋ ಹಾಗಿಲ್ಲ.

2. ಪಾಸಿಟಿವ್ ಇದ್ದರೆ ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೀಬೇಕು. ಯಾವ ಆಸ್ಪತ್ರೆಗೆ ಹೋದರೂ ಕಾಣಬೇಕು.

3. ಟೆಸ್ಟ್ ಆಗದಿದ್ದರೂ, 37 ವಾರಕ್ಕೆ ಮುಂಚೆ ನೋವು ಬಂದರೆ, ನೀರು ಒಡೆದು 18 ಗಂಟೆ ಆಗಿದ್ದರೆ, ಹೆರಿಗೆ ಹೊತ್ತಲ್ಲಿ ಜ್ವರ ಇದ್ದರೆ, ಹಿಂದಿನ ಮಗುವಿಗೆ ಈ ಕಾಯಿಲೆ ಆಗಿದ್ದರೆ ಔಷಧಿ ಕೊಡೋದು ಎಲ್ಲಾ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲೂ ಕಡ್ಡಾಯ ನಡೀಬೇಕು.

4. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಪರೀಕ್ಷೆ, ಓಡಾಟ ಎಲ್ಲಾ ಉಚಿತ. 'ಹೊರಗಡೆ ಬರೆಸ್ಕೊಂಡು ಬನ್ನಿ' ಅಂದರೆ ಚೀಟಿ ಕೇಳಿ, ನಮಗೆ ತಿಳಿಸಿ.

5. ಲೇಬರ್ ವಾರ್ಡ್ ಕ್ಲೀನ್ ಮಾಡೋ ಕಾರ್ಮಿಕರಿಗೆ ಕಾಯಂ ಕೆಲಸ, ಗ್ಲೌಸ್, ಬಿಸಿನೀರು, ಸೋಪು. ಮಗುವಿನ ಸುರಕ್ಷತೆ ಅಲ್ಲಿಂದ ಶುರು.

6. ಇದು ನಮ್ಮ ಮನೆಗಳಿಗೆ. "ಎಲ್ಲಿಂದ ಅಂಟಿಸ್ಕೊಂಡು ಬಂದೆ" ಅಂತ ಕೇಳಬೇಡಿ. "ಯಾವ ಆಸ್ಪತ್ರೆಗೆ ಹೋಗ್ತೀವಿ, ರಾತ್ರಿ ಗಾಡಿ ಯಾರದ್ದು" ಅಂತ ಕೇಳಿ.

ನಮ್ಮ ಹುಡುಗಿ ವಿಷಯ ಹೇಳಿ ಮುಗಿಸ್ತೀನಿ. ಖಾಸಗಿಯಲ್ಲಿ ಹೆರಿಗೆ ಮಾಡಿಸೋ ಶಕ್ತಿ ಇರಲಿಲ್ಲ, ಸಿಟಿ ಒಳಗಿನ ಸರ್ಕಾರಿ ಆಸ್ಪತ್ರೆಗೆ ಹೋಗೋದು ಅಂತ ಮೊದಲೇ ತೀರ್ಮಾನ ಆಗಿತ್ತು. ತಾಯಿ ಕಾರ್ಡಿನ ಮೇಲೆ ನಾನೇ ಕೆಂಪು ಪೆನ್ನಲ್ಲಿ ಬರೆದು ಅಂಟಿಸಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ನೀರು ಒಡೀತು, ನೋವು ಇರಲಿಲ್ಲ. ಅತ್ತೆ "ನೋವು ಬರಲಿ ತಡಿ" ಅಂದರು. ಈ ಸಲ ಗಂಡನೇ "ಇಲ್ಲಮ್ಮ, ಈಗಲೇ ಹೋಗ್ಬೇಕು" ಅಂದ. ಹಾಲಲ್ಲಿ ಮಲಗಿದ್ದನಲ್ಲ, ಅದೇ ಹುಡುಗ. ಅವನನ್ನೂ ಡಾಕ್ಟರ್ ಹತ್ತಿರ ಎರಡನೇ ಸಲ ಕರ್ಕೊಂಡು ಹೋಗಿದ್ದೆ. ಆ ಹೊತ್ತಲ್ಲಿ ಹೆಬ್ಬಾಳ ಫ್ಲೈಓವರ್ ಖಾಲಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ನೀರು ಒಡೆದಿದ್ದರೆ ಏನಾಗ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತೆ.

ಐದೂಕಾಲಿಗೆ ಮೊದಲ ಡೋಸ್ ಹೋಯ್ತು. ಡ್ಯೂಟಿ ನರ್ಸ್ ಕೆಂಪು ಅಕ್ಷರ ನೋಡಿ, "ಯಾರಮ್ಮ ಬರೆದಿದ್ದು, ಒಳ್ಳೇದಾಯ್ತು" ಅಂದರು. ಮಧ್ಯಾಹ್ನ ಎರಡಕ್ಕೆ ಹೆಣ್ಣು ಮಗು. ಎರಡು ದಿನ ಕಣ್ಣಿಟ್ಟು ನೋಡಿದರು. ಮಗು ಹಾಲು ಕುಡೀದೆ ಇದ್ದರೆ, ಉಸಿರಾಟ ಜೋರಾದರೆ, ಮೈ ಬಿಸಿ ಅಥವಾ ತಣ್ಣಗಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದರು. ಮೂರು ತಿಂಗಳವರೆಗೂ ಆ ಎಚ್ಚರ ಇರಬೇಕಂತೆ, ಹೆರಿಗೆ ಹೊತ್ತಲ್ಲಿ ಕೊಟ್ಟ ಔಷಧಿ ತಡವಾಗಿ ಬರೋ ಸೋಂಕನ್ನ ತಡೆಯಲ್ಲ. ಇಲ್ಲಿಯವರೆಗೆ ಚೆನ್ನಾಗಿದ್ದಾಳೆ. ಔಷಧಿ ಇಲ್ಲದಿದ್ದರೂ ಚೆನ್ನಾಗೇ ಇರ್ತಿದ್ದಳೇನೋ, ನೂರಕ್ಕೆ ತೊಂಬತ್ತೆಂಟು ಮಕ್ಕಳು ಇರ್ತಾರೆ. ಆದರೆ ಆ ಉಳಿದ ಇಬ್ಬರಲ್ಲಿ ನಮ್ಮ ಮಗು ಇರಬಾರದು, ನಿಮ್ಮ ಮಗುವೂ ಇರಬಾರದು.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಎಂಟು ಒಂಬತ್ತು ತಿಂಗಳ ಗರ್ಭಿಣಿ ಇದ್ದರೆ ಇವತ್ತು ಸಂಜೆ ಹೋಗಿ ಮಾತಾಡಿಸಿ. ತಾಯಿ ಕಾರ್ಡ್ ಎಲ್ಲಿದೆ, ರಾತ್ರಿ ಯಾರು ಕರ್ಕೊಂಡು ಹೋಗ್ತಾರೆ ಅಂತ ಕೇಳಿ. ಅದೂ ಚಳವಳಿನೇ.

ಜೈ ಭೀಮ್.