ಆಡುವವರಿಗೂ ನಿಯಮದಲ್ಲಿ ಮಾತಿರಲಿ

ಮಣಿಕೊಂಡದ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಹಲವರು ಚೌಕಾಸಿಯ ಮೊದಲ ಪಾಠ ಕಲಿಯುವುದು ಪಾತ್ರ ಧರಿಸಿ ಆಡುವ ಆನ್‌ಲೈನ್ ಆಟಗಳಲ್ಲಿ. ಅಲ್ಲಿ ಅದಿರು ಅಗೆಯಬೇಕು, ಖಡ್ಗ ತಯಾರಿಸಿ ಮಾರಬೇಕು, ಕಾದಾಡಬೇಕು. ಆಡುತ್ತ ಆಡುತ್ತ ಅವರಿಗೆ ಸಲಹೆಗಳೂ ಹೊಳೆಯುತ್ತವೆ: ಈ ಆಯುಧದ ಬೆಲೆ ಇಳಿಯಲಿ, ಸೋತವನ ಸರಕೆಲ್ಲ ಗೆದ್ದವನ ಪಾಲಾಗದಿರಲಿ. ಹಿರಿಯರಾದ ನಾವು ಇದನ್ನು ಕಾಲಹರಣವೆಂದು ತಳ್ಳಿಹಾಕುತ್ತೇವೆ. ನನಗಾದರೋ ಇದು ಕಾನೂನು ರಚನೆಯ ಅಕ್ಷರಾಭ್ಯಾಸದಂತೆ ತೋರುತ್ತದೆ.

‘ರೂನ್‌ಸ್ಕೇಪ್’ ಎಂಬ ಬ್ರಿಟಿಷ್ ಆಟವನ್ನೇ ನೋಡಿ. ಆಟದ ನಾಣ್ಯವನ್ನು ನಿಜವಾದ ಹಣಕ್ಕೆ ಮಾರುವವರ ಹಾವಳಿ ತಡೆಯಲು ಅದರ ಕಂಪನಿ 2007ರ ಡಿಸೆಂಬರಿನಲ್ಲಿ ‘ವೈಲ್ಡರ್‌ನೆಸ್’ ಬಯಲಿನ ಮುಕ್ತ ಕಾಳಗವನ್ನೂ 2008ರ ಜನವರಿಯಲ್ಲಿ ಮುಕ್ತ ವ್ಯಾಪಾರವನ್ನೂ ನಿರ್ಬಂಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಗೆಳೆಯನಿಗೆ ಬೆಲೆಬಾಳುವ ಗುರಾಣಿಯೊಂದನ್ನು ಉಡುಗೊರೆ ಕೊಡುವುದಕ್ಕೂ ಅಡ್ಡಿಯಾಯಿತು. ಮುಂದೆ ಆಟಗಾರರ ಮತ ಕೇಳಿದಾಗ 12 ಲಕ್ಷಕ್ಕೂ ಹೆಚ್ಚು ಮತಗಳು ಬಂದವು; ಹತ್ತರಲ್ಲಿ ಒಂಬತ್ತು ಪಾಲು ಹಳೆಯ ಸ್ವಾತಂತ್ರ್ಯದ ಪರವಾಗಿದ್ದವು. 2011ರ ಫೆಬ್ರುವರಿಯಲ್ಲಿ ಎರಡೂ ಮರಳಿದವು.

ಹಾಗೆಂದು ವ್ಯಾಪಾರ ಲಗಾಮಿಲ್ಲದೆ ಓಡಲೆನ್ನಲಾಗದು. ‘ಡಯಾಬ್ಲೊ 3’ ಆಟ 2012ರಲ್ಲಿ ನಿಜವಾದ ಹಣಕ್ಕೆ ಆಯುಧ ಮಾರುವ ಹರಾಜುಕಟ್ಟೆ ತೆರೆಯಿತು. ರಾಕ್ಷಸರನ್ನು ಕೊಂದು ಗಳಿಸಬೇಕಾದುದು ಕಾಸಿಗೆ ದೊರೆತರೆ ಕಾದಾಡುವವರಾರು? ಆಟದ ತಿರುಳಿಗೇ ಪೆಟ್ಟು ಬಿದ್ದಿತೆಂದು ಒಪ್ಪಿದ ಕಂಪನಿ 2014ರ ಮಾರ್ಚಿನಲ್ಲಿ ಅದನ್ನು ಮುಚ್ಚಿತು.

ನಮ್ಮ ಚೌಕಾಬಾರಕ್ಕೆ ಈ ವಿವೇಕ ಹಿಂದಿನಿಂದಲೂ ಉಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಮನೆಯಿಂದ ಮನೆಗೆ ನಿಯಮ ಬೇರೆಯಾದ್ದರಿಂದ ಕವಡೆ ಹಾಕುವ ಮುನ್ನವೇ ಎಲ್ಲರೂ ಕುಳಿತು ಗೊತ್ತು ಮಾಡಿಕೊಳ್ಳುತ್ತಾರೆ.

ಸರ್ಕಾರವೂ ಕರಡು ನಿಯಮ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುವುದುಂಟು. ಆಟದ ಕಂಪನಿಗಳಿಗೂ ಈ ಕ್ರಮ ಅನ್ವಯಿಸಲಿ. 2025ರ ಕೇಂದ್ರ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಹಾಗೂ ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿದೆ. ಆದರೆ ಆಟದೊಳಗಿನ ಖಡ್ಗದ ಬೆಲೆಯನ್ನು ಯಾವ ಸಂಸತ್ತೂ ನಿಗದಿಪಡಿಸದು. ಅದನ್ನು ಬಲ್ಲವರು ಆಡುವವರೇ.

ಮತದ ಎಣಿಕೆಯೊಂದೇ ಸಾಲದು. ಕಣಜ ತುಂಬಿದವನು ಕಣಜದ ಪರವಾಗಿಯೇ ಮತ ಹಾಕುತ್ತಾನೆ. ಆದ್ದರಿಂದ ಪ್ರತಿ ಸಲಹೆಗೂ ಒಂದು ಪ್ರಶ್ನೆ ಹಾಕಬೇಕು: ಇಂದು ಬರಿಗೈಯಲ್ಲಿ ಬಂದವನಿಗೆ ಈ ನಿಯಮ ಬದುಕಲು ಎಡೆ ಕೊಡುತ್ತದೆಯೇ? ಊರು ಬಿಟ್ಟು ಪರಊರಿನಲ್ಲಿ ನೆಲೆ ಕಂಡುಕೊಂಡ ನಮಗೆ ಈ ಪ್ರಶ್ನೆ ಹೊಸದಲ್ಲ. ಮಕ್ಕಳಿಗೆ ಅದನ್ನು ಕೇಳಲು ಕಲಿಸಿದರೆ, ಅವರು ಆಟದ ಹೊರಗೂ ನ್ಯಾಯವಾದ ನಿಯಮಗಳನ್ನು ಬಯಸಿಯಾರು.