ಕೈಗೆಲಸಕ್ಕೆ ಸಾಕ್ಷಿ ಯಾರು?

ಕರಕುಶಲ ಎಂಬ ಮಾತು ಈಚೆಗೆ ಬಹಳ ಅಗ್ಗವಾಗಿದೆ. ಕುಶಲಕರ್ಮಿಯ ಬದುಕು ಮಾತ್ರ ವರ್ಷವರ್ಷಕ್ಕೆ ತುಟ್ಟಿಯಾಗುತ್ತ ನಡೆದಿದೆ. ಊರೂರಿಗೆ ಮೇಳಗಳು, ಬಟ್ಟೆಯ ಕಮಾನುಗಳು, ಉದ್ಘಾಟನೆಯ ಭಾಷಣಗಳು. ಭಾಷಣಕ್ಕೆ ನಿಂತವರೆಲ್ಲರೂ ನಮ್ಮ ಕಲೆ ಉಳಿಯಬೇಕೆಂದು ಅಪ್ಪಣೆ ಕೊಡಿಸುತ್ತಾರೆ. ಕಲೆ ಉಳಿಯಬೇಕಾದರೆ ಕಲೆಗಾರನ ಮನೆಯ ಒಲೆ ಉರಿಯಬೇಕಲ್ಲವೇ ಎಂದು ಕೇಳುವವರು ವಿರಳ. ಅದನ್ನು ಯಾರಾದರೂ ಕೇಳಲೇಬೇಕು.

ನಾನು ಲಕ್ಷ್ಮೇಶ್ವರದವನು. ಪುಲಿಗೆರೆಯೆಂಬ ಹಳೆಯ ಹೆಸರಿನ ಈ ಊರನ್ನು ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದೆ. ಅಂಥ ಊರಿನಲ್ಲಿ ಕೂತು ನಾನು ಕಟ್ಟಿಗೆಯಲ್ಲಿ ಪಜಲ್‌ಗಳನ್ನು ಕೊರೆಯುತ್ತೇನೆ. ಕನ್ನಡ ಅಕ್ಷರಮಾಲೆಯದೊಂದು, ನಮ್ಮ ಸೋಮೇಶ್ವರ ಗುಡಿಯದೊಂದು, ಕರ್ನಾಟಕದ ನಕ್ಷೆಯದೊಂದು. ನಕ್ಷೆಯನ್ನು ತುಂಡರಿಸಿ ಮಕ್ಕಳಿಗೆ ಭೂಗೋಳ ಕಲಿಸುವ ಉಪಾಯ ಹೊಸದೇನಲ್ಲ. 1760ರ ದಶಕದಲ್ಲಿಯೇ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರನು ಹಲಗೆಗೆ ನಕ್ಷೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು ಮಾರಿದ. ನಮ್ಮ ನಾಡಿಗಂತೂ ಈ ಆಟ ಚೆನ್ನಾಗಿ ಒಪ್ಪುತ್ತದೆ. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗುಗಳಲ್ಲಿ ಚದುರಿದ್ದ ತುಂಡುಗಳು 1956ರ ನವೆಂಬರ್ 1ರಂದು ಮೈಸೂರಿನೊಂದಿಗೆ ಕೂಡಿಯೇ ಈ ರಾಜ್ಯವಾಯಿತು. ಲಕ್ಷ್ಮೇಶ್ವರವೋ, ಸ್ವಾತಂತ್ರ್ಯಕ್ಕೆ ಮುಂಚೆ ಮೀರಜ ಸಂಸ್ಥಾನಕ್ಕೆ ಸೇರಿದ್ದ ಊರು. ಆಮೇಲೆ 1997ರಲ್ಲಿ ಗದಗ ಜಿಲ್ಲೆ ಬೇರೆಯಾಯಿತು, 2021ರಲ್ಲಿ ವಿಜಯನಗರ ಬಂತು. ಈಗ ನನ್ನ ನಕ್ಷೆಯಲ್ಲಿ 31 ತುಂಡುಗಳಿವೆ.

ಈ ಕೆಲಸಕ್ಕೆ ನಾನು ಬಳಸುವುದು ಸ್ಕ್ರೋಲ್ ಸಾ ಎಂಬ ಸಣ್ಣ ವಿದ್ಯುತ್ ಗರಗಸ. ನೂಲಿನಷ್ಟು ಸಪುರಾದ ಅಲಗು ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಅದಕ್ಕೆ ಬೆಳಗಾವಿಯ ಗಡಿಯೂ ತಿಳಿಯದು, ಬಳ್ಳಾರಿಯ ಗಡಿಯೂ ತಿಳಿಯದು. ಹಲಗೆಯನ್ನು ಎರಡೂ ಕೈಗಳಿಂದ ಹಿಡಿದು, ಗೆರೆ ತಿರುಗಿದಂತೆ ತಿರುಗಿಸಬೇಕಾದವನು ನಾನು. ಒಂದು ಕೂದಲೆಳೆ ಜರುಗಿದರೆ ತುಂಡು ಸಡಿಲ. ಆತುರಪಟ್ಟು ಒತ್ತಿದರೆ ಅಲಗು ತುಂಡು. ಒಂದು ಪೆಟ್ಟಿಗೆಯ ಧಾರವಾಡ ಇನ್ನೊಂದು ಪೆಟ್ಟಿಗೆಯ ಧಾರವಾಡದ ಜಾಗದಲ್ಲಿ ಸರಿಯಾಗಿ ಕೂಡುವುದಿಲ್ಲ. ಅದು ಕೈ ಹಾಕಿದ ರುಜು.

ಹೀಗಿದ್ದೂ, ಕಳೆದ ವರ್ಷ ಒಂದು ಪಟ್ಟಣದ ಮೇಳದಲ್ಲಿ ಮಳಿಗೆ ಕೇಳಿದಾಗ ವ್ಯವಸ್ಥಾಪಕರು ನನ್ನ ಪೆಟ್ಟಿಗೆಯನ್ನು ತಿರುವಿ ನೋಡಿ ಕೇಳಿದರು: "ಇದು ಮಷೀನಿನ್ಯಾಗ ಕೊರದದ್ದಲ್ಲೇನ್ರಿ?" ಹೌದೆಂದೆ. "ಹಂಗಾದ್ರ ಕರಕುಶಲ ಹ್ಯಾಂಗಾತ್ರಿ?" ಎಂದವರೇ ಅರ್ಜಿಯನ್ನು ಪಕ್ಕಕ್ಕಿಟ್ಟರು. ಇದು ಆ ಒಬ್ಬ ಸಜ್ಜನರ ಅಭಿಪ್ರಾಯವಷ್ಟೇ ಆಗಿದ್ದರೆ ಪತ್ರಿಕೆಯ ಜಾಗ ಕೆಡಿಸುತ್ತಿರಲಿಲ್ಲ. ವಿದ್ಯಾವಂತರಲ್ಲಿ ಬೇರೂರಿದ ಭ್ರಮೆ ಇದು: ತಂತಿಯಲ್ಲಿ ವಿದ್ಯುತ್ತು ಹರಿದೊಡನೆ ಕೈಯ ಕಸುಬು ಹಾರಿಹೋಗುತ್ತದಂತೆ!

ಲಕ್ಕುಂಡಿಗೆ ಹೋಗಿ ಬಂದವರು ಅಲ್ಲಿನ ಕಂಬಗಳನ್ನು ಕೊಂಡಾಡುತ್ತಾರೆ. ಕನ್ನಡಿಯಂತೆ ಹೊಳೆಯುವ, ಬಳೆಬಳೆಯಾಗಿ ಇಳಿದ ಆ ಕಲ್ಲುಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದಿರಬೇಕೆಂದು ವಿದ್ವಾಂಸರ ಮತ. ತಿರುಗಣೆ ಯಂತ್ರವಲ್ಲವೇ? ಹಾಗೆಂದು ಚಾಲುಕ್ಯರ ರೂವಾರಿಯ ಅರ್ಜಿಯನ್ನು ಯಾರಾದರೂ ಪಕ್ಕಕ್ಕಿಡುತ್ತಾರೆಯೇ? ಚನ್ನಪಟ್ಟಣದ ಗೊಂಬೆಗಳನ್ನು ನೋಡಿ. ಹಾಲೆ ಮರವನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹತ್ತುತ್ತದೆ. ಇಂದು ಅಲ್ಲಿಯ ಎಷ್ಟೋ ಲೇತುಗಳು ವಿದ್ಯುತ್ತಿನಿಂದಲೇ ತಿರುಗುತ್ತವೆ. ಮೈಸೂರಿನವರು ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುತ್ತಾರಲ್ಲ, ಆ ಚೂರುಗಳನ್ನು ಕೊಯ್ಯುವುದೂ ಸಪುರ ಅಲಗಿನ ಗರಗಸದಿಂದಲೇ. ನನ್ನ ಯಂತ್ರ ಆ ಗರಗಸದ ತಮ್ಮ.

ಗಾಂಧೀಜಿಯವರ ಹೆಸರು ಹೇಳಿ ಯಂತ್ರವನ್ನು ಬಯ್ಯುವವರೂ ಇದ್ದಾರೆ. ಅವರು ಗಾಂಧೀಜಿಯವರನ್ನು ಅರ್ಧ ಓದಿದವರು. ಯಂತ್ರಗಳ ವಿಷಯವಾಗಿ 1924ರಲ್ಲಿ ನಡೆದ ಸಂಭಾಷಣೆಯಲ್ಲಿ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ಮನಃಪೂರ್ವಕ ವಿನಾಯಿತಿ ಕೊಟ್ಟಿದ್ದರು. ಅವರ ಆಕ್ಷೇಪವಿದ್ದದ್ದು ಯಂತ್ರದ ಹುಚ್ಚಿಗೆ, ಮನುಷ್ಯನನ್ನು ಕೆಲಸದಿಂದ ಓಡಿಸುವ ವ್ಯವಸ್ಥೆಗೆ. ಮನೆಯ ಪಡಸಾಲೆಯಲ್ಲಿ ಕೂತ ಗರಗಸ ಯಾರನ್ನು ಓಡಿಸಿತು?

ಹಾಗಾದರೆ ಲೇಸರ್ ಯಂತ್ರದಲ್ಲಿ ನೂರಾರು ತುಂಡುಗಳನ್ನು ಕ್ಷಣದಲ್ಲಿ ಕತ್ತರಿಸುವವನೂ ಕುಶಲಕರ್ಮಿಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಒರೆಗಲ್ಲು ಇದು: ಯಂತ್ರದ ಮುಂದಿನಿಂದ ಮನುಷ್ಯ ಎದ್ದುಹೋದರೆ ಕೆಲಸ ಮುಂದುವರಿಯುತ್ತದೆಯೇ? ಮುಂದುವರಿದರೆ ಅದು ಕಾರಖಾನೆ. ನಿಂತರೆ ಅದು ಕೈಗೆಲಸ. ನಾನು ಚಹಾ ಕುಡಿಯಲು ಎದ್ದರೆ ನನ್ನ ಗರಗಸ ಗಾಳಿಯನ್ನೇ ಕೊಯ್ಯಬೇಕು.

ನ್ಯಾಯಾಲಯವೂ ಮೇಳದ ವ್ಯವಸ್ಥಾಪಕರಿಗಿಂತ ಉದಾರವಾಗಿದೆ. ವಸ್ತು ಪ್ರಧಾನವಾಗಿ ಕೈಯಿಂದ ಆಗಿರಬೇಕು, ನಡುವೆ ಯಂತ್ರ ಬಳಸಿದರೆ ಬಾಧಕವಿಲ್ಲ, ಆದರೆ ಅದರಲ್ಲಿ ಕಣ್ಸೆಳೆಯುವ ಅಲಂಕಾರದ ಕೆಲಸ ಇರಬೇಕು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಒಂದು ಅಬಕಾರಿ ಸುಂಕದ ಮೊಕದ್ದಮೆಯಲ್ಲಿ ಹೇಳಿದೆ. ಈ ಮಾತನ್ನು ಮೇಳದ ಅರ್ಜಿ ನಮೂನೆಯ ಬೆನ್ನಮೇಲೆ ಅಚ್ಚು ಹಾಕಿಸಿದರೆ ಎಷ್ಟೋ ವಾದ ಉಳಿಯುತ್ತದೆ.

ಕರಕುಶಲ ಎಂಬ ಬಿರುದು ಸಿಕ್ಕರೇನು, ಬಿಟ್ಟರೇನು ಎಂದು ಕೆಲವರಿಗೆ ಅನ್ನಿಸೀತು. ಪೆಟ್ಟು ಬೀಳುವುದು ಅಲ್ಲಿಯೇ. 2020ರಲ್ಲಿ ಕೇಂದ್ರ ಸರಕಾರ ಆಟಿಕೆಗಳ ಗುಣಮಟ್ಟದ ಆಜ್ಞೆ ಹೊರಡಿಸಿತು. 2021ರ ಜನವರಿ 1ರಿಂದ ಅದು ಜಾರಿಗೆ ಬಂತು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತು ಪಡೆದ ಆಟಿಕೆಗಳನ್ನು ಅಧಿಕೃತವಾಗಿ ತಯಾರಿಸುವವರಿಗೂ ವಿನಾಯಿತಿ ಉಂಟು. ಚನ್ನಪಟ್ಟಣಕ್ಕೆ ಆ ಗುರುತಿದೆ, ಕೊಪ್ಪಳದ ಹತ್ತಿರದ ಕಿನ್ನಾಳಕ್ಕೂ ಇದೆ. ಬಹಳ ಸಂತೋಷ. ಹಗುರ ಮರಕ್ಕೆ ಹುಣಸೆಬೀಜದ ಅಂಟು ಹಚ್ಚಿ ಗೊಂಬೆಗೆ ಜೀವ ತುಂಬುವ ಕಿನ್ನಾಳದ ಚಿತ್ರಗಾರರ ಮೇಲೆ ನನಗೆ ಯಾವ ಮತ್ಸರವೂ ಇಲ್ಲ. ಆದರೆ ಲಕ್ಷ್ಮೇಶ್ವರದಂಥ ಊರಲ್ಲಿ ಹೊಸದಾಗಿ ಕಸುಬು ಹಿಡಿದವನು ಯಾವ ಪಟ್ಟಿಯಲ್ಲಿ ಸೇರಬೇಕು? ಭೌಗೋಳಿಕ ಗುರುತು ಪರಂಪರೆಗೆ ಸಿಕ್ಕೀತು, ನಿನ್ನೆ ಹುಟ್ಟಿದ ಕಸುಬಿಗೆ ಸಿಗದು. "ಮಷೀನಿನ ಕೆಲಸ" ಎಂದು ಕುಶಲಕರ್ಮಿಗಳ ಪಟ್ಟಿಯಿಂದಲೂ ಹೊರಗಿಟ್ಟರೆ, ಉಳಿದದ್ದು ದೊಡ್ಡ ಕಾರಖಾನೆಯವರೊಂದಿಗೆ ಪರವಾನಿಗೆಯ ಸರತಿ.

ನಾನು ಸುರಕ್ಷತೆಯ ವೈರಿಯಲ್ಲ. ಮಗು ಮೊದಲು ಕೈಗೆ ತಗೊಂಡು ಆಮೇಲೆ ಬಾಯಿಗೆ ಇಡುವ ವಸ್ತುವಿನಲ್ಲಿ ಸೀಸದ ಬಣ್ಣ ಇರಬಾರದು, ಚೂಪಾದ ಅಂಚು ಇರಬಾರದು, ನುಂಗುವಂಥ ಚೂರು ಇರಬಾರದು. ಆದರೆ ವಿಷಕ್ಕೆ ಜಿಲ್ಲೆಯ ಗಡಿ ತಿಳಿಯುತ್ತದೆಯೇ? ಪರಂಪರೆ ಇದ್ದಲ್ಲಿ ಪರೀಕ್ಷೆ ಬೇಡ, ಪರಂಪರೆ ಇಲ್ಲದಲ್ಲಿ ಪರೀಕ್ಷೆ ಬೇಕು ಎಂಬುದು ಮಗುವನ್ನು ಕಾಯುವ ತರ್ಕವಲ್ಲ. ಕಾಗದವನ್ನು ಕಾಯುವ ತರ್ಕ. ಸಣ್ಣವರೆಲ್ಲರ ವಸ್ತುವನ್ನೂ ಅಗ್ಗದ ದರದಲ್ಲಿ ಪರೀಕ್ಷಿಸಿ ಕೊಡುವ ಒಂದು ಕೇಂದ್ರವನ್ನು ಜಿಲ್ಲೆಗೊಂದರಂತೆ ತೆರೆದರೆ, ಮೊದಲ ಸರತಿಯಲ್ಲಿ ನಾನೇ ನಿಲ್ಲುತ್ತೇನೆ.

ಇನ್ನು ಗಿರಾಕಿಗಳ ಮಾತು. ಓದುಗರಲ್ಲಿ ಬಹಳ ಮಂದಿ ಮೇಳಗಳಿಗೆ ಹೋಗುವವರು, ಸಿಟ್ಟಾಗಬಾರದು. "ಇಷ್ಟ ಕಟ್ಟಿಗಿಗೆ ಆರುನೂರು ರೂಪಾಯಿ ಯಾಕ್ರೀ? ನಾಲ್ಕುನೂರಕ್ಕ ಕೊಡ್ರಿ" ಎಂದು ಕೇಳುತ್ತೀರಿ. ಲೆಕ್ಕ ಒಪ್ಪಿಸುತ್ತೇನೆ. ಒಂದು ನಕ್ಷೆಗೆ ಹಲಗೆ, ಬಣ್ಣ, ಪೆಟ್ಟಿಗೆ ಸೇರಿ 110 ರೂಪಾಯಿ. ಅಲಗು, ವಿದ್ಯುತ್ತು 30. ಮಳಿಗೆಯ ಬಾಡಿಗೆ, ಬಸ್ಸು, ವಸತಿಗಳ ಪಾಲು 120. ಉಳಿದದ್ದು 340. ಕೊಯ್ಯಲು, ಉಜ್ಜಲು, ಬಣ್ಣ ಹಚ್ಚಲು ಐದು ತಾಸು. ಅಂದರೆ ತಾಸಿಗೆ 68 ರೂಪಾಯಿ. ನಿಮ್ಮ ಮಾತಿಗೆ ಒಪ್ಪಿ 400ಕ್ಕೆ ಕೊಟ್ಟರೆ ತಾಸಿಗೆ 28. ಅದೇ ಸಂಜೆ ಹೋಟೆಲಿನ ಬಿಲ್ಲಿನ ಮೇಲೆ ನೀವು ಚೌಕಾಸಿ ಮಾಡುವುದಿಲ್ಲ, ಮಾಲಿನಲ್ಲಿ ಪ್ಲಾಸ್ಟಿಕ್ ಗೊಂಬೆಯ ಮೇಲೆ ಅಚ್ಚಾದ ಬೆಲೆಯನ್ನೂ ಪ್ರಶ್ನಿಸುವುದಿಲ್ಲ. ಬೆಲೆ ಅಚ್ಚಾಗಿದ್ದರೆ ವೇದವಾಕ್ಯ, ಬಾಯಿಂದ ಬಂದರೆ ಬರೀ ಮಾತು! ಹಾಗೆಯೇ ಕೆಲವರು ಪಾಪವೆಂದು ಕೊಳ್ಳುತ್ತಾರೆ. ಅದೂ ಬೇಡ. ತುಂಡುಗಳು ಸರಿಯಾಗಿ ಕೂಡುತ್ತವೆಯೇ ನೋಡಿ, ಅಂಚಿನ ಮೇಲೆ ಬೆರಳಾಡಿಸಿ, ಬಣ್ಣ ಯಾವುದೆಂದು ಕೇಳಿ. ಹಿಡಿಸದಿದ್ದರೆ ಇಟ್ಟು ನಡೆಯಿರಿ. ದಯೆಯ ಗಿರಾಕಿ ಒಂದು ಸಲ ಬರುತ್ತಾನೆ, ಪರೀಕ್ಷೆಯ ಗಿರಾಕಿ ಮತ್ತೆ ಬರುತ್ತಾನೆ.

ನನ್ನ ಬೇಡಿಕೆಗಳು ಮೂರೇ. ಮೇಳದವರು ಯಂತ್ರದ ತಂತಿಯನ್ನು ಹುಡುಕದೆ ಕೆಲಸಗಾರನನ್ನು ಎದುರಿಗೆ ಕೂರಿಸಿ ಮಾಡಿಸಿ ನೋಡಲಿ. ಸರಕಾರ ವಿನಾಯಿತಿಯ ಪಟ್ಟಿಯನ್ನು ಉದ್ದ ಮಾಡುವ ಬದಲು ಪರೀಕ್ಷೆಯ ದಾರಿಯನ್ನು ಗಿಡ್ಡ ಮಾಡಲಿ. ಕೊಳ್ಳುವವರು ಕೈಗೆಲಸವನ್ನು ಕನಿಕರದಿಂದಲ್ಲ, ಕಣ್ಣಿನಿಂದ ಅಳೆಯಲಿ. ಪರಂಪರೆ ಎನ್ನುವುದು ಆಕಾಶದಿಂದ ಇಳಿದದ್ದಲ್ಲ. ಯಾವನೋ ಒಬ್ಬ ಒಂದು ದಿನ ಹೊಸ ಹತ್ಯಾರ ಹಿಡಿದು ಶುರು ಮಾಡಿದ್ದು. ಲಕ್ಕುಂಡಿಯ ತಿರುಗಣೆಗೂ ಒಂದು ಮೊದಲ ದಿನ ಇದ್ದೇ ಇತ್ತು.