ಸಾವಿನ ಕಾರಣದ ಕಾಲಂನಲ್ಲಿ ಗಾಳಿಯ ಹೆಸರಿಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನೇ ಕೇಳಿ, ಪಿಎಂ 2.5 ಎಂದರೇನೆಂದು ಥಟ್ಟನೆ ಹೇಳುತ್ತಾರೆ. ಎರಡೂವರೆ ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣ. ಭಾರತದಲ್ಲಿ ಅದರ ವಾರ್ಷಿಕ ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿ ಮಾಡಿದ್ದು 5. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಗಿದ್ದು 2019ರಲ್ಲಿ. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಇಷ್ಟು ಸಾಕು. ಆದರೆ ಈ 40 ಮತ್ತು 5ರ ನಡುವಿನ ಅಂತರದಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಪ್ರಶ್ನೆ ಯಾವ ಗೈಡ್‌ನಲ್ಲೂ ಇಲ್ಲ. ಅದಕ್ಕೂ ಒಂದು ಉತ್ತರ ಇದೆ. ಸರ್ಕಾರ ಅದನ್ನು ಒಪ್ಪಲು ಸಿದ್ಧವಿಲ್ಲ, ಅಷ್ಟೆ.

ವಾಯುಮಾಲಿನ್ಯದಿಂದ ದೇಶದಲ್ಲಿ ಎಷ್ಟು ಜನ ಸತ್ತಿದ್ದಾರೆ ಎಂದು ಸಂಸದರು ಕೇಳಿದಾಗ ಕೇಂದ್ರ ಸರ್ಕಾರ ವರ್ಷಗಳಿಂದ ಕೊಡುತ್ತ ಬಂದಿರುವ ಉತ್ತರದ ಸಾರ ಒಂದೇ: ಕೇವಲ ವಾಯುಮಾಲಿನ್ಯದಿಂದಲೇ ಸಾವು ಸಂಭವಿಸಿದೆ ಎಂದು ನೇರ ಸಂಬಂಧ ತೋರಿಸುವ ನಿರ್ಣಾಯಕ ದತ್ತಾಂಶ ಇಲ್ಲ, ಮಾಲಿನ್ಯ ಹಲವು ಕಾರಣಗಳಲ್ಲಿ ಒಂದು. ಮಂತ್ರಿಗಳು ಬದಲಾದರೂ ಉತ್ತರ ಬದಲಾಗಿಲ್ಲ. ಕೇಳಲು ಇದು ಸಮಂಜಸವಾಗಿಯೇ ಇದೆ. ‘ಕೇವಲ’ ಎಂಬ ಪದವನ್ನು ಗಮನಿಸಿದಾಗ ಮಾತ್ರ ಅದರ ಜಾಣತನ ಗೊತ್ತಾಗುತ್ತದೆ.

ಒಬ್ಬ ವ್ಯಕ್ತಿಯ ಮಟ್ಟಿಗೆ ಆ ಮಾತು ನಿಜ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದವರು ಐವತ್ತೆರಡನೇ ವಯಸ್ಸಿಗೆ ಎದೆ ಹಿಡಿದುಕೊಂಡು ಕುಸಿದರೆ ವೈದ್ಯರು ಬರೆಯುವುದು ಹೃದಯಾಘಾತ ಎಂದು. ಬಿಪಿ ಇತ್ತೇ, ಸಕ್ಕರೆ ಕಾಯಿಲೆ ಇತ್ತೇ, ಬೀಡಿ ಸೇದುತ್ತಿದ್ದರೇ ಎಂದು ಕೇಳುತ್ತಾರೆ. ಯಾವ ಗಾಳಿ ಕುಡಿದರು ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಬರೆಯಲು ಜಾಗವಿಲ್ಲ. ಅದಿರಲಿ, 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯಕೀಯವಾಗಿ ಕಾರಣ ದೃಢೀಕರಿಸಿದ್ದು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಸಾವಿನ ಕಾರಣವನ್ನೇ ಸರಿಯಾಗಿ ಬರೆದುಕೊಳ್ಳದ ದೇಶ ನಿರ್ಣಾಯಕ ದತ್ತಾಂಶ ಇಲ್ಲ ಎನ್ನುವುದರಲ್ಲಿ ಆಶ್ಚರ್ಯವೇನಿದೆ?

ಲಂಡನ್ನಿನಲ್ಲಿ ಒಬ್ಬ ತಾಯಿ ಆ ಕಾಲಂನಲ್ಲಿ ಗಾಳಿಯ ಹೆಸರು ಬರೆಸಿದರು. ದಟ್ಟ ವಾಹನ ಸಂಚಾರದ ಸೌತ್ ಸರ್ಕ್ಯುಲರ್ ರಸ್ತೆಯ ಸಮೀಪ ಬೆಳೆದ ಒಂಬತ್ತು ವರ್ಷದ ಎಲಾ ಅಡೂ-ಕಿಸ್ಸಿ-ಡೆಬ್ರಾ 2013ರ ಫೆಬ್ರುವರಿಯಲ್ಲಿ ತೀವ್ರ ಅಸ್ತಮಾದಿಂದ ತೀರಿಕೊಂಡಳು. ತಾಯಿ ರೋಸಮಂಡ್ ಹೋರಾಡಿ ಮರುವಿಚಾರಣೆ ಮಾಡಿಸಿದರು. ಸಾವಿನ ಕಾರಣ ನಿರ್ಧರಿಸುವ ಅಧಿಕಾರಿ, ಅಂದರೆ ಕರೋನರ್, 2020ರ ಡಿಸೆಂಬರ್‌ನಲ್ಲಿ ಈ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ತೀರ್ಮಾನಿಸಿದರು. ಬ್ರಿಟನ್ನಿನಲ್ಲಿ ಇಂಥದ್ದು ಅದೇ ಮೊದಲು. ಒಂದು ಮಗುವಿನ ವಿಷಯದಲ್ಲಿ ಇಷ್ಟು ಹೇಳಿಸಲು ಏಳು ವರ್ಷ ಬೇಕಾಯಿತು. ಲಕ್ಷಾಂತರ ಜನರ ಲೆಕ್ಕವನ್ನು ಹೀಗೆ ಒಬ್ಬೊಬ್ಬರಂತೆ ಮಾಡಲು ಸಾಧ್ಯವಿಲ್ಲ. ಅದಕ್ಕೆ ಬೇರೆಯೇ ದಾರಿ ಇದೆ.

ಆ ದಾರಿಯನ್ನು ಗಟ್ಟಿಯಾಗಿ ತೋರಿಸಿದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಆರು ನಗರಗಳ ಅಧ್ಯಯನ’. 1970ರ ದಶಕದ ಮಧ್ಯಭಾಗದಲ್ಲಿ ಸಂಶೋಧಕರು ಆರು ಊರುಗಳಿಂದ 8,111 ವಯಸ್ಕರನ್ನು ಆಯ್ದುಕೊಂಡು, ಆ ಊರುಗಳ ಗಾಳಿಯನ್ನು ಅಳೆಯುತ್ತ, ಹದಿನಾಲ್ಕರಿಂದ ಹದಿನಾರು ವರ್ಷ ಆ ಜನರ ಬೆನ್ನುಹತ್ತಿದರು. ಯಾರು ಬದುಕಿದ್ದಾರೆ, ಯಾರು ಸತ್ತರು ಎಂಬುದೇ ಲೆಕ್ಕ. ಒಂದು ತುದಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಸಣ್ಣ ಊರು. ಇನ್ನೊಂದು ತುದಿಯಲ್ಲಿ ಓಹಿಯೋ ನದಿಯ ದಂಡೆಯ ಉಕ್ಕಿನ ಊರು ಸ್ಟೂಬೆನ್‌ವಿಲ್. ಸಿಗರೇಟು ಸೇದುವವರು ಉಕ್ಕಿನ ಊರಲ್ಲಿ ಹೆಚ್ಚಿರಬಹುದಲ್ಲ ಎಂಬ ಅನುಮಾನ ಸಹಜ. ಅದಕ್ಕಾಗಿಯೇ ಧೂಮಪಾನ, ದೇಹದ ತೂಕ, ಶಿಕ್ಷಣ, ಕೆಲಸದ ಸ್ಥಳದ ಧೂಳು ಇವೆಲ್ಲವುಗಳ ಪರಿಣಾಮವನ್ನು ಲೆಕ್ಕದಿಂದ ಬೇರೆ ಮಾಡಿದರು. ಅಷ್ಟಾದ ಮೇಲೂ ಸ್ಟೂಬೆನ್‌ವಿಲ್‌ನ ಮರಣ ಪ್ರಮಾಣ ಪೋರ್ಟೇಜ್‌ಗಿಂತ ಶೇ 26ರಷ್ಟು ಹೆಚ್ಚಿತ್ತು. 1993ರಲ್ಲಿ ಡಗ್ಲಸ್ ಡಾಕರಿ, ಆರ್ಡೆನ್ ಪೋಪ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ ಪೋಪ್ ಮತ್ತು ಇತರರು ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ದಾಖಲೆಗಳನ್ನು ಪರಿಶೀಲಿಸಿದಾಗ ಕಂಡದ್ದೂ ಅದೇ ದಿಕ್ಕು.

ಈ ಅಧ್ಯಯನದಲ್ಲಿ ನಮ್ಮ ಕಣ್ಣಿಗೆ ಬೀಳಬೇಕಾದ ಸಂಖ್ಯೆ ಇನ್ನೊಂದಿದೆ. ಪೋರ್ಟೇಜ್‌ನಲ್ಲಿ ಸೂಕ್ಷ್ಮ ಕಣಗಳ ಸರಾಸರಿ ಇದ್ದದ್ದು 11 ಮೈಕ್ರೋಗ್ರಾಂ. ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ ಮುಳುಗಿದ, ಆರರಲ್ಲೇ ಅತಿ ಕೆಟ್ಟ ಊರೆಂದು ಹೆಸರಾದ ಸ್ಟೂಬೆನ್‌ವಿಲ್‌ನಲ್ಲಿ 29.6. ಭಾರತದ ಈಗಿನ ವಾರ್ಷಿಕ ಮಿತಿ 40. ಅಂದರೆ ಆ ಊರು ಇವತ್ತು ಭಾರತದಲ್ಲಿದ್ದಿದ್ದರೆ ಮಾನದಂಡ ಪಾಲಿಸುವ ನಗರ ಎನಿಸಿಕೊಳ್ಳುತ್ತಿತ್ತು.

ಕೈಗಾರಿಕೆಗಳು ಸುಮ್ಮನೆ ಕೂರಲಿಲ್ಲ. ಲೆಕ್ಕ ತಪ್ಪು, ಮೂಲ ದತ್ತಾಂಶ ಕೊಡಿ ಎಂದು ಪಟ್ಟು ಹಿಡಿದವು. ಕೊನೆಗೆ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್‌ ಮೂಲಕ ಸ್ವತಂತ್ರ ಮರುಪರಿಶೀಲನೆ ನಡೆಯಿತು. ಆ ಸಂಸ್ಥೆಗೆ ಹಣ ಬರುವುದು ಅಮೆರಿಕ ಸರ್ಕಾರದಿಂದ ಮತ್ತು ಮೋಟಾರು ವಾಹನ ಕಂಪನಿಗಳಿಂದ. 2000ದಲ್ಲಿ ಬಂದ ಅದರ ವರದಿ ಮೂಲ ಫಲಿತಾಂಶವನ್ನೇ ಎತ್ತಿಹಿಡಿಯಿತು. 2006ರಲ್ಲಿ ಅದೇ ಆರು ನಗರಗಳ ಮುಂದುವರಿದ ಅಧ್ಯಯನ ಬಂತು. ಗಾಳಿ ಎಲ್ಲಿ ಹೆಚ್ಚು ತಿಳಿಯಾಗಿತ್ತೋ ಅಲ್ಲಿ ಸಾವಿನ ಪ್ರಮಾಣವೂ ತಗ್ಗಿತ್ತು. ಕಾರಣ ಹಿಂದೆ ಸರಿದಾಗ ಪರಿಣಾಮವೂ ಹಿಂದೆ ಸರಿಯಿತು. ಇದಕ್ಕಿಂತ ನೇರ ಸಂಬಂಧ ಇನ್ನು ಹೇಗಿರಬೇಕೋ ತಿಳಿಯದು.

ಅದು ಅಮೆರಿಕದ ಮಾತು, ನಮ್ಮ ಹವೆ ಬೇರೆ, ದೇಹಪ್ರಕೃತಿ ಬೇರೆ ಎಂಬ ವಾದವೂ ಚಾಲ್ತಿಯಲ್ಲಿತ್ತು. 2024ರ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ನಂತರ ಅದಕ್ಕೂ ಬಲವಿಲ್ಲ. 2009ರಿಂದ 2019ರವರೆಗಿನ ಭಾರತದ 655 ಜಿಲ್ಲೆಗಳ ಸಾವಿನ ದಾಖಲೆಗಳನ್ನು ಸೂಕ್ಷ್ಮ ಕಣಗಳ ಅಂದಾಜಿನೊಂದಿಗೆ ಹೋಲಿಸಿದ ಕೆಲಸ ಅದು. ಒಂದೇ ಜಿಲ್ಲೆಯಲ್ಲಿ ವರ್ಷದಿಂದ ವರ್ಷಕ್ಕೆ ಗಾಳಿ ಬದಲಾದಂತೆ ಸಾವು ಹೇಗೆ ಬದಲಾಯಿತು ಎಂದು ನೋಡಿದರು. ವಾರ್ಷಿಕ ಸರಾಸರಿ ಪ್ರತಿ 10 ಮೈಕ್ರೋಗ್ರಾಂ ಏರಿದಂತೆ ಮರಣ ಪ್ರಮಾಣ ಶೇ 8.6ರಷ್ಟು ಏರಿತ್ತು. ವರ್ಷಕ್ಕೆ ಸಾವಿರ ಸಾವು ನಿರೀಕ್ಷಿಸುವ ಕಡೆ 86 ಹೆಚ್ಚು ಎಂದಿಟ್ಟುಕೊಳ್ಳಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅದೇ ಅಧ್ಯಯನದ ಅಂದಾಜಿನಂತೆ, ನಮ್ಮ ಮಿತಿಯಾದ 40ನ್ನು ದಾಟಿದ ಮಾಲಿನ್ಯದಿಂದ ಆ ಹನ್ನೊಂದು ವರ್ಷಗಳಲ್ಲಿ ಸಂಭವಿಸಿದ ಸಾವು 38 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 5ನ್ನು ಅಳತೆಗೋಲಾಗಿ ಇಟ್ಟರೆ 1.66 ಕೋಟಿ, ಅಂದರೆ ವರ್ಷಕ್ಕೆ ಸುಮಾರು 15 ಲಕ್ಷ. ಕಳೆದರೆ ಉಳಿಯುವುದು 1.28 ಕೋಟಿ. ಕಾನೂನು ಸುರಕ್ಷಿತ ಎಂದು ಬಿಟ್ಟುಕೊಟ್ಟ ಪಟ್ಟಿಯೊಳಗಿನ ಸಾವುಗಳಿವು. ಇವೆಲ್ಲ ಅಂದಾಜುಗಳೇ, ಬೇರೆ ವಿಧಾನದಲ್ಲಿ ಲೆಕ್ಕ ಹಾಕಿದರೆ ಸಂಖ್ಯೆ ಹಿಂದೆಮುಂದೆ ಆಗುತ್ತದೆ. ಮನೆಯೊಳಗಿನ ಹೊಗೆಯನ್ನೂ ಸೇರಿಸಿ ನಡೆದ ಇನ್ನೊಂದು ಅಧ್ಯಯನ 2019ರ ಒಂದೇ ವರ್ಷಕ್ಕೆ 16.7 ಲಕ್ಷ ಎಂದಿತ್ತು. ಹೇಗೆ ಲೆಕ್ಕ ಹಾಕಿದರೂ ಅದು ಲಕ್ಷಗಳಿಂದ ಸಾವಿರಗಳಿಗೆ ಇಳಿಯುವುದಿಲ್ಲ.

ಅಂದಾಜನ್ನು ನಂಬಿ ಸರ್ಕಾರ ಕ್ರಮ ಕೈಗೊಳ್ಳಬಹುದೇ ಎಂದರೆ, ಅಂಗಡಿಯಲ್ಲಿ ಸಿಗರೇಟು ಪ್ಯಾಕ್ ನೋಡಿ. ಅದರ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಮುದ್ರಿಸಬೇಕೆಂದು ಇದೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಂಬಾಕು ಕೊಲ್ಲುತ್ತದೆ ಎಂದು ಗೊತ್ತಾದದ್ದಾದರೂ ಹೇಗೆ? ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಿಂದ ಸಾವಿರಾರು ಬ್ರಿಟಿಷ್ ವೈದ್ಯರನ್ನು ಹಿಂಬಾಲಿಸಿ, ಯಾರು ಸೇದುತ್ತಾರೆ, ಯಾರು ಸಾಯುತ್ತಾರೆ ಎಂದು ಲೆಕ್ಕ ಇಟ್ಟದ್ದರಿಂದ. ಗಾಳಿಯ ವಿಷಯದಲ್ಲೂ ಬಳಸಿದ್ದು ಅದೇ ವಿಧಾನ. ಸಿಗರೇಟಿನಿಂದ ಸತ್ತ ಯಾವ ಒಬ್ಬನ ಬಗ್ಗೆಯೂ ‘ಕೇವಲ ಸಿಗರೇಟಿನಿಂದಲೇ’ ಎಂದು ಪ್ರಮಾಣ ಮಾಡಿ ಹೇಳಲಾಗದು. ಆದರೂ ಅಲ್ಲಿ ದತ್ತಾಂಶ ಸಾಕಾಯಿತು, ಇಲ್ಲಿ ಸಾಲದಾಯಿತು.

ದೇಹದೊಳಗೆ ಆಗುವುದೇನು ಎಂಬುದೂ ಗುಟ್ಟಾಗಿ ಉಳಿದಿಲ್ಲ. ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ, ಕೆಮ್ಮಿ ಉಗಿಯುತ್ತೇವೆ. ಕೂದಲೆಳೆಯ ಇಪ್ಪತ್ತು-ಮೂವತ್ತನೇ ಒಂದರಷ್ಟು ಸಣ್ಣದಾದ ಈ ಕಣ ಶ್ವಾಸಕೋಶದ ಗಾಳಿಚೀಲಗಳ ತನಕ ಇಳಿಯುತ್ತದೆ. ಅಲ್ಲಿ ಉರಿಯೂತ, ಅದರಿಂದ ರಕ್ತನಾಳಗಳ ಗೋಡೆಗೆ ಪೆಟ್ಟು, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ. ಹಾಗಾಗಿ ಕೆಟ್ಟ ಗಾಳಿಯ ಸಾವುಗಳಲ್ಲಿ ದೊಡ್ಡ ಪಾಲು ಹೃದಯಾಘಾತ ಮತ್ತು ಪಾರ್ಶ್ವವಾಯುವಿನದು. ಶ್ವಾಸಕೋಶದ ಕ್ಯಾನ್ಸರ್ ಕೂಡ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಹೊರಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಆದರೆ ನಾವು ಗಾಳಿ ಎಂದ ಕೂಡಲೇ ಕೆಮ್ಮನ್ನು ನೆನೆಯುತ್ತೇವೆ, ಕೆಮ್ಮಿಲ್ಲದಿದ್ದರೆ ಆರಾಮಾಗಿದ್ದೇವೆ ಎಂದುಕೊಳ್ಳುತ್ತೇವೆ.

ಮೊಬೈಲ್‌ನಲ್ಲಿ ಕಾಣುವ ಎಕ್ಯುಐ ಕೂಡ ಇದೇ ನೆಮ್ಮದಿ ಕೊಡುತ್ತದೆ. ಭಾರತದ ಸೂಚ್ಯಂಕದಲ್ಲಿ 24 ಗಂಟೆಗಳ ಪಿಎಂ 2.5 ಸರಾಸರಿ 31ರಿಂದ 60ರ ನಡುವೆ ಇದ್ದರೆ ‘ತೃಪ್ತಿಕರ’, ಬಣ್ಣ ತಿಳಿಹಸಿರು. ಒಂದು ಊರಿನಲ್ಲಿ ವರ್ಷದ 365 ದಿನವೂ 45 ಮೈಕ್ರೋಗ್ರಾಂ ಇದೆ ಎಂದುಕೊಳ್ಳಿ. ಪ್ರತಿದಿನವೂ ಪರದೆ ಹಸಿರಾಗಿಯೇ ಇರುತ್ತದೆ. ವರ್ಷದ ಕೊನೆಗೆ ನೋಡಿದರೆ ಆ ಊರು ನಮ್ಮದೇ ವಾರ್ಷಿಕ ಮಿತಿಯನ್ನು ಮೀರಿರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಒಂಬತ್ತು ಪಟ್ಟು. ಸುದ್ದಿಯಾಗುವುದು ದೀಪಾವಳಿಯ ಮರುದಿನದ ಸಂಖ್ಯೆ. ಆಯುಸ್ಸು ಕಡಿಮೆ ಮಾಡುವುದು ಮಾತ್ರ ಸುದ್ದಿಯೇ ಅಲ್ಲದ ಉಳಿದ ದಿನಗಳ ಸರಾಸರಿ.

ಕರ್ನಾಟಕದಲ್ಲಿ ನಾವು ದೆಹಲಿಯನ್ನು ತೋರಿಸಿ ಸಮಾಧಾನಪಡುವವರು. ಬೆಂಗಳೂರಿನ ವಾರ್ಷಿಕ ಸರಾಸರಿ ದೆಹಲಿಯ ಅರ್ಧಕ್ಕಿಂತ ಕಡಿಮೆ, ನಿಜ. ಆದರೆ 2024ರ ಜುಲೈನಲ್ಲಿ ಪ್ರಕಟವಾದ ಹತ್ತು ನಗರಗಳ ಅಧ್ಯಯನ ಬೇರೊಂದು ವಿಷಯ ತೋರಿಸಿತು. ಅದು ದಿನದಿನದ ಏರಿಳಿತವನ್ನು ನೋಡಿದ ಅಧ್ಯಯನ, ದೀರ್ಘಕಾಲದ್ದಲ್ಲ. 10 ಮೈಕ್ರೋಗ್ರಾಂ ಏರಿದರೆ ದಿನದ ಸಾವು ದೆಹಲಿಯಲ್ಲಿ ಶೇ 0.3ರಷ್ಟು ಏರುತ್ತಿತ್ತು, ಬೆಂಗಳೂರಿನಲ್ಲಿ ಶೇ 3ಕ್ಕೂ ಸ್ವಲ್ಪ ಹೆಚ್ಚು. ಗಾಳಿ ಕಡಿಮೆ ಕೆಟ್ಟಿರುವ ಕಡೆ ಪ್ರತಿ ಹೆಚ್ಚುವರಿ ಗುಕ್ಕಿನ ಹಾನಿ ಹೆಚ್ಚು. ನಾವಿನ್ನೂ ದೆಹಲಿ ಆಗಿಲ್ಲ ಎನ್ನುವುದರಲ್ಲಿ ನೆಮ್ಮದಿ ಪಡುವಂಥದ್ದೇನೂ ಇಲ್ಲ.

ಹಳ್ಳಿಯವರು ಬಚಾವ್ ಎನ್ನುವಂತೆಯೂ ಇಲ್ಲ. ಸೌದೆ ಒಲೆಯ ಮುಂದೆ ಕೂತು ದಿನಕ್ಕೆರಡು ಬಾರಿ ಅಡುಗೆ ಮಾಡುವ ಅವ್ವನ ಶ್ವಾಸಕೋಶಕ್ಕೆ ಹೋಗುವುದೂ ಇದೇ ಕಣ. ಅಲ್ಲಿ ಅಳೆಯುವ ಯಂತ್ರವಿಲ್ಲ, ಅಷ್ಟೇ ವ್ಯತ್ಯಾಸ.

ಇದು ಹಿರಿಯರ ಕಾಯಿಲೆ, ನಮಗೇಕೆ ಎನ್ನುವ ಗೆಳೆಯರಿದ್ದಾರೆ. ದೀರ್ಘಕಾಲ ಎಂಬ ಮಾತು ಅನ್ವಯಿಸುವುದೇ ನಮಗೆ. ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದವರು ಅರುವತ್ತರ ತನಕ ಉಸಿರಾಡುವುದು ಸುಮಾರು ನಲವತ್ತು ವರ್ಷ. ಊಟ ತಲುಪಿಸುವ ಕೆಲಸ ಹಿಡಿದು ದಿನಕ್ಕೆ ಹತ್ತು-ಹನ್ನೆರಡು ತಾಸು ಸಿಗ್ನಲ್‌ಗಳಲ್ಲಿ ಬಸ್ಸಿನ ಹೊಗೆ ಕೊಳವೆಯ ಹಿಂದೆ ನಿಲ್ಲುವವರು ನಮ್ಮ ವಯಸ್ಸಿನವರೇ. ಅವರ ಸಂಪಾದನೆಯಲ್ಲಿ ಪೆಟ್ರೋಲು ಖರ್ಚು ಕಳೆಯುತ್ತೇವೆ, ಮೊಬೈಲ್ ಡೇಟಾ ಖರ್ಚು ಕಳೆಯುತ್ತೇವೆ, ಇದನ್ನು ಕಳೆಯುವುದಿಲ್ಲ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲಬಹುದು, ಈ ಕಣ ನಿಲ್ಲುವುದಿಲ್ಲ.

ಹಾಗಿದ್ದರೆ ಸರ್ಕಾರ ಏನೂ ಮಾಡಿಲ್ಲವೇ ಎಂದರೆ ಮಾಡಿದೆ. ಶುದ್ಧ ಗಾಳಿ ಕಾರ್ಯಕ್ರಮದಡಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. 2025-26ರ ಹೊತ್ತಿಗೆ ಶೇ 40ರಷ್ಟು ಕಡಿತದ ಗುರಿ. ಆದರೆ ಆ ಗುರಿ ಇರುವುದು ಪಿಎಂ 10ಕ್ಕೆ, ಅಂದರೆ ದಪ್ಪ ಕಣಗಳನ್ನೂ ಸೇರಿಸಿದ ಧೂಳಿಗೆ. ಧೂಳಿನ ಮೇಲೆ ಅಂಕ ಕೊಟ್ಟರೆ ನಗರಪಾಲಿಕೆಗಳು ಧೂಳನ್ನೇ ಗುಡಿಸುತ್ತವೆ. ಕಾರ್ಯಕ್ರಮಕ್ಕೆ ಖರ್ಚಾದ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳಿಗೇ ಹೋಗಿದೆ ಎಂದು ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಕೊಟ್ಟಿತು. ಸೂಕ್ಷ್ಮ ಕಣ ಮುಖ್ಯವಾಗಿ ಹುಟ್ಟುವುದು ಉರಿಯುವ ಕಡೆ: ಡೀಸೆಲ್ ಎಂಜಿನ್, ಕಲ್ಲಿದ್ದಲು, ಜನರೇಟರ್, ಇಟ್ಟಿಗೆ ಗೂಡು, ಬೀದಿ ಮೂಲೆಯಲ್ಲಿ ಬೆಂಕಿ ಹಚ್ಚಿದ ಕಸ. ಗುಡಿಸುವ ಯಂತ್ರ ಖರೀದಿಸುವುದು ಸುಲಭ. ಬಸ್ಸು ಹೆಚ್ಚಿಸುವುದು, ಹಳೇ ಲಾರಿ ನಿಲ್ಲಿಸುವುದು, ಕಾರ್ಖಾನೆಯ ಚಿಮಣಿ ತಪಾಸಣೆ ಮಾಡುವುದು ಕಷ್ಟ. ಕಷ್ಟದ ಕೆಲಸ ಆಗಬೇಕಾದರೆ ಗುರಿ ಪಿಎಂ 2.5ಕ್ಕೆ ಬದಲಾಗಬೇಕು, ವಾರ್ಷಿಕ ಮಿತಿ 40ರಿಂದ ಇಳಿಯಬೇಕು. 2009ರಲ್ಲಿ ಇಟ್ಟ ಮಿತಿ ಅದು. ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ತನ್ನದನ್ನು 10ರಿಂದ 5ಕ್ಕೆ ಇಳಿಸಿದೆ.

ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಕಾಲೇಜಿಗೆ ಹತ್ತಿರದ ಮಾಪನ ಕೇಂದ್ರದಲ್ಲಿ ಕಳೆದ ಮೂರು ವರ್ಷಗಳ ಪಿಎಂ 2.5 ವಾರ್ಷಿಕ ಸರಾಸರಿ ಎಷ್ಟು ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ದಿನದ ಎಕ್ಯುಐ ಬೇಡ, ವಾರ್ಷಿಕ ಸರಾಸರಿಯನ್ನೇ ಕೇಳಿ. ಬಂದ ಸಂಖ್ಯೆಯನ್ನು ಸ್ಟೂಬೆನ್‌ವಿಲ್‌ನ 29.6ರ ಪಕ್ಕದಲ್ಲಿಟ್ಟು ನೋಡಿ, ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿ, ಓಟು ಕೇಳಲು ಬಂದವರಿಗೂ ತೋರಿಸಿ. ನಿಮ್ಮ ತಾಲ್ಲೂಕಿನಲ್ಲಿ ಮಾಪನ ಕೇಂದ್ರವೇ ಇಲ್ಲ ಎಂಬ ಉತ್ತರ ಬಂದರೆ ಅದನ್ನೂ ಈ ಪುಟಕ್ಕೆ ಬರೆದು ಕಳುಹಿಸಿ.